ಒಗರಿನ ಪಾಠ

ಹನೂರು ತಾಲ್ಲೂಕಿನ ರಾಮಾಪುರದ ಸುತ್ತಮುತ್ತ ಬೆಳೆದ ಮಕ್ಕಳಿಗೆ ಬೆಟ್ಟದ ನೆಲ್ಲಿಕಾಯಿ ಹೊಸದಲ್ಲ. ಒಂದು ಕಡೆ ಮಲೆ ಮಹದೇಶ್ವರನ ಬೆಟ್ಟಸಾಲು, ಇನ್ನೊಂದು ಕಡೆ ತಮಿಳುನಾಡಿನ ಗಡಿ, ನಡುವೆ ರಾಗಿ, ಹುರುಳಿ, ಜೋಳದ ಹೊಲಗಳು. ಮಾಗಿ ಹತ್ತಿರವಾದಂತೆ ಕಾಡಿನ ನೆಲ್ಲಿಕಾಯಿ ಊರಿಗೆ ಇಳಿಯುತ್ತದೆ. ಮೊದಲ ಸಲ ಅದನ್ನು ಕಚ್ಚಿದ ಮಗುವಿನ ಮುಖ ನೋಡಬೇಕು. ಹುಳಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮರುಕ್ಷಣವೇ ನಾಲಿಗೆ ಒಣಗಿ, ಕೆನ್ನೆಯ ಒಳಭಾಗ ಬಿಗಿದುಕೊಂಡ ಹಾಗಾಗುತ್ತದೆ. ಉಗಿಯಲು ಹೊರಟ ಮಗುವನ್ನು ತಡೆದು ಅವ್ವ ಹೇಳುವ ಮಾತು ಒಂದೇ: “ಉಗೀಬ್ಯಾಡ ಕನ ಮಗ, ಅಗ್ದು ನುಂಗು. ಆಮ್ಯಾಕೆ ಒಂದ್ ಗುಟುಕು ನೀರ್ ಕುಡ್ದು ನೋಡು.” ನೀರು ಕುಡಿದ ಮಗುವಿನ ಮುಖ ಅರಳುತ್ತದೆ. ಬರಿಯ ನೀರು ಸಿಹಿಯಾಗಿದೆ!

ಹುಳಿ ಯಾವುದು, ಸಿಹಿ ಯಾವುದು ಎಂದು ಯಾವ ಮಗುವಿಗೂ ಕಲಿಸಬೇಕಾಗಿಲ್ಲ. ಆದರೆ ನಡುವೆ ಬಂದ ಆ ಮೂರನೆಯದು, ಬಾಯಿ ಹಿಡಿದಂತೆ ಮಾಡುವ ಒಗರು, ಹಾಗಲ್ಲ. ಅದನ್ನು ಯಾರಾದರೂ ಹೆಸರಿಟ್ಟು ಹೇಳಿಕೊಡಬೇಕು, ತಾಳಿಕೊಳ್ಳುವುದನ್ನೂ ಕಲಿಸಬೇಕು. ಕಾಯಿ ಬಾಳೆ, ನೇರಳೆ ಹಣ್ಣು, ಅಡಿಕೆ, ಹಾಲು ಬೆರೆಸದ ಚಹಾ, ಇವೆಲ್ಲ ಒಗರಿನ ಬಳಗ. ಈ ಒಗರನ್ನೇ ಹೆಮ್ಮೆಯಾಗಿ ಮಾಡಿಕೊಂಡು, ಅದರ ಬಲದಿಂದಲೇ ಲೋಕಪ್ರಸಿದ್ಧವಾದ ಒಂದು ಹಣ್ಣು ಇಟಲಿಯಲ್ಲಿದೆ. ಅದೊಂದು ಕಪ್ಪು ದ್ರಾಕ್ಷಿ. ಹೆಸರು ನೆಬ್ಬಿಯೋಲೊ.

ಇಟಲಿಯ ವಾಯವ್ಯ ಮೂಲೆಯಲ್ಲಿ ಆಲ್ಪ್ಸ್ ಪರ್ವತದ ಬುಡಕ್ಕೆ ಪೀಡ್ಮಾಂಟ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಆಲ್ಬಾ ಪಟ್ಟಣದ ಆಸುಪಾಸಿನ ಗುಡ್ಡಗಳಿಗೆ ಲಾಂಗೆ ಎಂದು ಹೆಸರು. ನೆಬ್ಬಿಯೋಲೊ ಬಳ್ಳಿಯ ಉಲ್ಲೇಖ ಆ ಪ್ರಾಂತ್ಯದ ಹದಿಮೂರನೆಯ ಶತಮಾನದ ಕಾಗದಪತ್ರಗಳಲ್ಲೇ ಸಿಗುತ್ತದೆ. ಇಟಾಲಿಯನ್ ಭಾಷೆಯಲ್ಲಿ ‘ನೆಬ್ಬಿಯಾ’ ಎಂದರೆ ಮಂಜು. ಉಳಿದ ದ್ರಾಕ್ಷಿಗಳೆಲ್ಲ ಕೊಯ್ಲಾದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ಕಣಿವೆಗಳಲ್ಲಿ ಮಂಜು ಕವಿಯುವ ಹೊತ್ತಿಗೆ ಇದು ಹಣ್ಣಾಗುವುದರಿಂದ ಆ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಮಾಗಿದ ಹಣ್ಣಿನ ಮೇಲೆ ಮಂಜಿನಂಥ ಬಿಳಿಯ ಪುಡಿ ಕೂರುವುದರಿಂದ ಬಂತೆಂದು ಇನ್ನು ಕೆಲವರ ವಾದ. ಹೇಗೇ ಇರಲಿ, ಕನ್ನಡದಲ್ಲಿ ಕರೆಯುವುದಾದರೆ ಇದು ‘ಮಂಜಿನ ದ್ರಾಕ್ಷಿ’. ಇದರಿಂದ ಮಾಡುವ ಕೆಂಪು ವೈನ್‌ಗಳಲ್ಲಿ ಎರಡು ಹೆಸರಾಂತವು: ಬರೋಲೊ ಮತ್ತು ಬಾರ್ಬರೆಸ್ಕೊ. ಎರಡೂ ಊರಿನ ಹೆಸರುಗಳೇ.

ವಿದ್ಯಾರ್ಥಿಗಳು ಮತ್ತು ಪಾಲಕರು ಓದುವ ಪುಟದಲ್ಲಿ ವೈನ್ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ವೈನ್ ಮದ್ಯವೇ. ಮದ್ಯ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಮಕ್ಕಳಂತೂ ಅದರ ಹತ್ತಿರ ಸುಳಿಯಬಾರದು. ಆದ್ದರಿಂದ ಇಲ್ಲಿ ಕುಡಿಯುವ ಮಾತಿಲ್ಲ. ರುಚಿ ನೋಡುವ ಮಾತು ಮಾತ್ರ. ಎರಡೂ ಬೇರೆ ಬೇರೆ. ವೈನ್ ರುಚಿ ಪರೀಕ್ಷಕರು ಒಂದೇ ಬೆಳಗಿನಲ್ಲಿ ಹತ್ತಾರು ಬಗೆಯ ರುಚಿ ನೋಡುತ್ತಾರೆ. ಅಷ್ಟನ್ನೂ ನುಂಗುತ್ತ ಹೋದರೆ ಕೆಲಸ ಕೆಟ್ಟಂತೆಯೇ. ಅದಕ್ಕೆಂದೇ ಅವರ ಪಕ್ಕದಲ್ಲಿ ಉಗಿಯುವ ಪಾತ್ರೆಯೊಂದು ಇರುತ್ತದೆ. ಬಾಯಿಗೆ ಹಾಕಿ, ಗಮನಿಸಿ, ಉಗಿದು, ಕಂಡದ್ದನ್ನು ಬರೆದುಕೊಳ್ಳುವುದು ಅವರ ಕ್ರಮ. ನಾಲಿಗೆಯ ಚಪಲ ಬೇರೆ, ನಾಲಿಗೆಯ ವಿದ್ಯೆ ಬೇರೆ.

ಈ ವಿದ್ಯೆಯಲ್ಲಿ ನಾಲಿಗೆಗೆ ಸರದಿ ಬರುವುದು ಕೊನೆಗೆ. ಮೊದಲ ಸರದಿ ಕಣ್ಣಿನದು. ಗಾಜಿನ ಲೋಟವನ್ನು ಬಿಳಿ ಕಾಗದದ ಎದುರು ಓರೆಯಾಗಿ ಹಿಡಿದು ಬಣ್ಣ ನೋಡುತ್ತಾರೆ. ನೆಬ್ಬಿಯೋಲೊ ಮೊದಲ ಮೋಸ ಮಾಡುವುದು ಇಲ್ಲಿಯೇ. ಅದರ ಬಣ್ಣ ತಿಳಿ. ಲೋಟದ ಆಚೆಯ ಬೆರಳು ಕಾಣಿಸುವಷ್ಟು ತೆಳು ಕೆಂಪು. ವರ್ಷ ಕಳೆದಂತೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ‘ಇದು ಸಪ್ಪೆ ಇರಬೇಕು’ ಎಂದುಕೊಳ್ಳುತ್ತಾರೆ. ಬಾಯಿಗೆ ಹಾಕಿದರೆ ಕಾಡು ನೆಲ್ಲಿಯಂತೆ ಹಿಡಿದುಕೊಳ್ಳುತ್ತದೆ! ಬಣ್ಣ ತೆಳುವಾಗಿದ್ದೂ ಹುಳಿ ಮತ್ತು ಒಗರು ಎರಡೂ ಜೋರಾಗಿರುವುದೇ ಇದರ ಗುರುತು. ಬಣ್ಣ ನೋಡಿ ಬಲ ಅಳೆಯಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎರಡನೆಯ ಸರದಿ ಮೂಗಿನದು. ಲೋಟವನ್ನು ಮೆಲ್ಲಗೆ ತಿರುಗಿಸಿ, ಎದ್ದ ಪರಿಮಳವನ್ನು ಎಳೆದುಕೊಳ್ಳುತ್ತಾರೆ. ಒಳ್ಳೆಯ ಬರೋಲೊದಲ್ಲಿ ಗುಲಾಬಿ ಮತ್ತು ಡಾಂಬರು ಎರಡೂ ಸಿಗುತ್ತವೆ ಎನ್ನುವುದು ಬಲ್ಲವರ ಹಳೆಯ ಮಾತು. ಒಣಗಿದ ಚೆರ್ರಿ, ಜ್ಯೇಷ್ಠಮಧುವಿನ ವಾಸನೆಯನ್ನೂ ಅವರು ಹೆಸರಿಸುತ್ತಾರೆ. ಗುಲಾಬಿ ಸರಿ, ಡಾಂಬರು ಏಕೆ ಎಂದು ನಗು ಬರಬಹುದು. ಆದರೆ ಅವರು ಹೊಗಳುತ್ತಿಲ್ಲ, ಗುರುತು ಹಿಡಿಯುತ್ತಿದ್ದಾರೆ. ಮಳೆಗೆ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ವಾಸನೆ, ಹುರುಳಿ ಬೇಯುವ ವಾಸನೆ, ರೇಷ್ಮೆಹುಳುವಿನ ಮನೆಯ ವಾಸನೆ ಇವನ್ನು ಕಣ್ಣು ಮುಚ್ಚಿ ಹೇಳಬಲ್ಲ ರಾಮಾಪುರದ ಹುಡುಗ ಹುಡುಗಿಯರಿಗೆ ಇದು ಅರ್ಥವಾಗದ ಮಾತಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಅದನ್ನು ಬರೆದಿಡುತ್ತಾರೆ.

ಮೂಗಿಗೆ ಇಷ್ಟು ಮರ್ಯಾದೆ ಏಕೆ? ನಾಲಿಗೆ ತಾನಾಗಿ ಗುರುತಿಸುವ ಮೂಲರುಚಿಗಳು ಬೆರಳೆಣಿಕೆಯಷ್ಟು: ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ‘ಉಮಾಮಿ’. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಅಗಿಯುವಾಗ ಆಹಾರದ ಆವಿ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ನಾಲಿಗೆ ಕೆಟ್ಟಿದ್ದರಿಂದಲ್ಲ, ಮೂಗು ಕಟ್ಟಿದ್ದರಿಂದ. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ಭಾಗ ಮಾಡಿದ ಚಿತ್ರ ಹಳೆಯ ಪಠ್ಯಪುಸ್ತಕಗಳಲ್ಲಿ ಇರುತ್ತಿತ್ತು. 1901ರ ಜರ್ಮನ್ ಲೇಖನವೊಂದನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರಿಂದ ಹುಟ್ಟಿದ ಚಿತ್ರ ಅದು. ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ.

ಹಾಗಾದರೆ ಆ ಪಟ್ಟಿಯಲ್ಲಿ ಒಗರು ಎಲ್ಲಿ? ಆಯುರ್ವೇದದ ಷಡ್ರಸಗಳಲ್ಲಿ ಒಗರಿಗೆ ‘ಕಷಾಯ’ ಎಂಬ ಹೆಸರಿನಲ್ಲಿ ಸ್ಥಾನವಿದೆ. ಇಂದಿನ ವಿಜ್ಞಾನ ಅದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶವೆಂದು ಎಣಿಸುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನುಗಳು ಬಾಯಿಗೆ ಎಣ್ಣೆ ಸವರಿದಂಥ ನುಣುಪು ಕೊಡುತ್ತವೆ. ಕಾಯಿ, ಸಿಪ್ಪೆ, ಬೀಜ, ತೊಗಟೆಗಳಲ್ಲಿರುವ ಟ್ಯಾನಿನ್ ಎಂಬ ವಸ್ತು ಆ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ. ನುಣುಪು ಹೋಗಿ ಬಾಯಿ ಒರಟಾಗುತ್ತದೆ. ಚರ್ಮ ಹದ ಮಾಡಲು ತಂಗಡಿ ತೊಗಟೆ ಬಳಸುತ್ತಿದ್ದುದೂ ಇದೇ ಗುಣಕ್ಕಾಗಿ. ಕಪ್ಪು ದ್ರಾಕ್ಷಿಯ ಬೀಜವೊಂದನ್ನು ಅಗಿದು ನೋಡಿದರೆ ನೆಬ್ಬಿಯೋಲೊ ವೈನ್‌ನ ಒಗರು ಎಂಥದ್ದೆಂದು ಹನಿ ಮದ್ಯವೂ ಇಲ್ಲದೆ ತಿಳಿದುಹೋಗುತ್ತದೆ.

ಕಪ್ಪು ಚಹಾಕ್ಕೆ ಹಾಲು ಹಾಕಿದರೆ ಒಗರು ತಗ್ಗುತ್ತದೆಯಲ್ಲ, ಅದಕ್ಕೂ ಕಾರಣ ಇದೇ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಮೊದಲೇ ಹಿಡಿದುಬಿಡುತ್ತದೆ. ಜೊಲ್ಲಿನ ತಂಟೆಗೆ ಹೋಗಲು ಅದಕ್ಕೆ ಪುರುಸೊತ್ತಿಲ್ಲ. ಪೀಡ್ಮಾಂಟಿನ ಜನ ಬರೋಲೊ ಜೊತೆ ಗಿಣ್ಣು, ಮಾಂಸ ಇಟ್ಟುಕೊಳ್ಳುವುದರ ಹಿಂದೆಯೂ ಇದೇ ಲೆಕ್ಕ. ಕಾಲವೂ ಒಗರನ್ನು ಪಳಗಿಸುತ್ತದೆ. ಬರೋಲೊವನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಬೇಕೆಂಬುದು ಅಲ್ಲಿನ ನಿಯಮ. ಬಾರ್ಬರೆಸ್ಕೊಗೆ 26 ತಿಂಗಳು. ಎಳೆಯದರಲ್ಲಿ ಮುಖ ಕಿವುಚಿಸುವ ಒಗರು ವರ್ಷಗಳ ಮೇಲೆ ಮೆತ್ತಗಾಗುತ್ತದೆ. ಒರಟು ಸ್ವಭಾವದ ಮಗನನ್ನು ನೋಡಿ ಅಜ್ಜಿ “ಕಾಲ ಬಂದ್ರೆ ಮಾಗ್ತಾನೆ ಬುಡವ್ವ” ಎಂದು ಸೊಸೆಗೆ ಸಮಾಧಾನ ಹೇಳುವಂತೆ.

ಇಷ್ಟೆಲ್ಲ ಗಮನದಿಂದ ಆ ಜನಕ್ಕೆ ಆದ ಲಾಭವೇನು? ಎರಡನೆಯ ಮಹಾಯುದ್ಧ ಮುಗಿದಾಗ ಲಾಂಗೆ ಗುಡ್ಡಗಳು ಬಡತನಕ್ಕೆ ಹೆಸರಾಗಿದ್ದವು. ಜಮೀನು ಬಿಟ್ಟು ಯುವಕರು ಟ್ಯೂರಿನ್ ನಗರದ ಕಾರು ಕಾರ್ಖಾನೆಗಳಿಗೆ ಹೊರಟಿದ್ದರು. ಕೂಲಿ ಹುಡುಕಿಕೊಂಡು ಬೆಂಗಳೂರಿಗೋ ಕೊಡಗಿನ ತೋಟಗಳಿಗೋ ಬಸ್ಸು ಹತ್ತುವ ಹನೂರು ಸೀಮೆಯವರಿಗೆ ಆ ಚಿತ್ರ ಪರಿಚಿತವೇ. ಉಳಿದವರು ತಮ್ಮ ನೆಲದಲ್ಲಿ ಇದ್ದುದನ್ನೇ ಹಿಡಿದುಕೊಂಡರು. ಗುಡ್ಡದ ತುಂಬ ಬೆಳೆಯುವ ಹೇಜಲ್ ಕಾಯಿಯನ್ನು ಚಾಕೊಲೇಟ್‌ಗೆ ಬೆರೆಸಿದ ಆಲ್ಬಾದ ಮಿಠಾಯಿ ಕಂಪನಿ ಫೆರೆರೊ 1964ರಲ್ಲಿ ‘ನ್ಯೂಟೆಲಾ’ವನ್ನು ಮಾರುಕಟ್ಟೆಗೆ ತಂದಿತು, ಈಗ ಕನ್ನಡನಾಡಿನ ಮಕ್ಕಳೂ ಅದನ್ನು ಬಲ್ಲರು. 1980ರಲ್ಲಿ ಬರೋಲೊ ಮತ್ತು ಬಾರ್ಬರೆಸ್ಕೊಗಳಿಗೆ ಇಟಲಿಯ ಅತ್ಯುನ್ನತ ದರ್ಜೆಯ ಕಾನೂನು ರಕ್ಷಣೆ ಸಿಕ್ಕಿತು. ಗೊತ್ತುಪಡಿಸಿದ 11 ಗ್ರಾಮಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೊದಿಂದ ಮಾಡಿದ್ದಕ್ಕೆ ಮಾತ್ರ ಬರೋಲೊ ಎಂದು ಹೆಸರಿಡಬಹುದು. ಎಲ್ಲೆಯ ಆಚೆ ಅದೇ ದ್ರಾಕ್ಷಿ ಬೆಳೆದರೂ ಆ ಹೆಸರಿಲ್ಲ. ನಂಜನಗೂಡು ರಸಬಾಳೆಗೆ ಸಿಕ್ಕಿರುವ ಭೌಗೋಳಿಕ ಗುರುತಿನ ಮಾನ್ಯತೆಯ ಹಿಂದೆಯೂ ಇದೇ ತತ್ವವಿದೆ. 2014ರಲ್ಲಿ ಯುನೆಸ್ಕೊ ಆ ದ್ರಾಕ್ಷಿ ಗುಡ್ಡಗಳನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಸಮೀಪದ ಪೊಲೆಂಜೊದಲ್ಲಿ 2004ರಲ್ಲಿ ಆಹಾರವನ್ನೇ ವಿಷಯವಾಗಿ ಬೋಧಿಸುವ ವಿಶ್ವವಿದ್ಯಾಲಯವೊಂದು ತೆರೆಯಿತು. ರುಚಿ ನೋಡುವುದು ಅಲ್ಲಿ ಪಾಠದ ಭಾಗ.

ಆದರೆ ಈ ಕಥೆಯಲ್ಲಿ ಒಂದು ಕಪ್ಪು ವರ್ಷವೂ ಇದೆ. 1986ರಲ್ಲಿ ಅದೇ ಪೀಡ್ಮಾಂಟ್ ಪ್ರಾಂತ್ಯದಿಂದ ಹೊರಟ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಹಲವರ ಕಣ್ಣು ಹೋಯಿತು. ನಶೆಯ ಪ್ರಮಾಣ ಹೆಚ್ಚು ತೋರಿಸಲು ಅದಕ್ಕೆ ಮಿಥೈಲ್ ಆಲ್ಕೊಹಾಲ್ ಬೆರೆಸಿದ್ದರು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರನ್ನು ಬಲಿ ತೆಗೆದುಕೊಂಡ ಕಳ್ಳಬಟ್ಟಿಯಲ್ಲಿದ್ದುದೂ ಅದೇ ವಿಷ. ಈ ವಿಷವನ್ನು ಮದ್ಯದೊಳಗೆ ನಾಲಿಗೆ ಕಂಡುಹಿಡಿಯಲಾರದು, ಮೂಗೂ ಕಂಡುಹಿಡಿಯಲಾರದು. ಎಂಥ ನುರಿತ ಪರೀಕ್ಷಕನಾದರೂ ಇಲ್ಲಿ ಸೋಲುತ್ತಾನೆ. ಅದಕ್ಕೆ ಪ್ರಯೋಗಾಲಯ ಬೇಕು, ಕಾನೂನು ಬೇಕು, ಕಾನೂನು ಪಾಲಿಸುವ ಅಧಿಕಾರಿ ಬೇಕು. ಆ ದುರಂತದ ನಂತರ ಇಟಲಿ ಪರೀಕ್ಷೆಗಳನ್ನು ಬಿಗಿ ಮಾಡಿತು.

ಹಾಗೆಂದು ಮೂಗು ನಾಲಿಗೆಗಳ ಎಚ್ಚರ ನಿಷ್ಪ್ರಯೋಜಕವೆಂದಲ್ಲ. ಅದಕ್ಕೆ ಸಾಕ್ಷಿ ದೂರದ ಇಟಲಿಯಲ್ಲಿಲ್ಲ, ಹನೂರು ತಾಲ್ಲೂಕಿನಲ್ಲೇ ಇದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತಿದ್ದ ಪ್ರಸಾದ ತಿಂದು 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸಾಲಿನ ಮುಂದಿದ್ದ ಕೆಲವರು ಅನ್ನದಿಂದ ಕೆಟ್ಟ ವಾಸನೆ ಬಂತೆಂದು ಎಸೆದುಬಿಟ್ಟರು, ಅವರಿಗೇನೂ ಆಗಲಿಲ್ಲ ಎಂದು ಸ್ಥಳದಲ್ಲಿದ್ದವರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ತಿಂದವರ ತಪ್ಪು ಎಳ್ಳಷ್ಟೂ ಇಲ್ಲ. ದೇವರ ಪ್ರಸಾದವನ್ನು ಮೂಸಿ ನೋಡುವವರು ಯಾರು? ಹಸಿದು ಬಂದವರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ತಪ್ಪು ಬೆರೆಸಿದ ಕೈಗಳದು. ಆದರೂ ಆ ದಿನದಿಂದ ಕಲಿಯಬೇಕಾದ್ದು ಒಂದಿದೆ. ‘ವಾಸನೆ ಯಾಕೋ ಸರಿಯಿಲ್ಲ’ ಎಂದು ಮಗು ಹೇಳಿದಾಗ “ಸುಮ್ಕೆ ತಿನ್ನು” ಎಂದು ಗದರುವ ಮುನ್ನ ದೊಡ್ಡವರು ಒಮ್ಮೆ ತಟ್ಟೆಯನ್ನು ಮೂಸಿ ನೋಡಬೇಕು.

ಮೂಗಿನ ಮಾತು ಕೇಳಬೇಕು, ಮೂಗು ಸೋಲುವ ಕಡೆ ಪ್ರಯೋಗಾಲಯವನ್ನು ಕೇಳಬೇಕು. ಈ ಎರಡನ್ನೂ ಒಟ್ಟಿಗೆ ಕಲಿಸುವ ವಸ್ತು ಈ ಬೆಟ್ಟಗಳಲ್ಲೇ ಇದೆ. ಅದು ಜೇನು. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟಗಳ ಸೋಲಿಗರಿಗೆ ‘ಜೇನು’ ಎಂಬುದು ಒಂದೇ ರುಚಿಯ ಹೆಸರಲ್ಲ. ಬಂಡೆ, ಎತ್ತರದ ಮರಗಳಲ್ಲಿ ಕಟ್ಟುವ ಹೆಜ್ಜೇನು ಬೇರೆ, ಪೊಟರೆಯ ತುಡುವೆ ಬೇರೆ, ಕಡ್ಡಿಗೆ ಕಟ್ಟುವ ಕೋಲುಜೇನು ಬೇರೆ, ಸೊಳ್ಳೆಯಷ್ಟೇ ಗಾತ್ರದ ನಸರುಜೇನು ಬೇರೆ. ಯಾವ ಹೂವು ಅರಳಿದ ಕಾಲದ್ದು ಎಂಬುದರ ಮೇಲೂ ರುಚಿ ಬದಲಾಗುತ್ತದೆ. ನೇರಳೆ ಹೂವಿನ ಜೇನಿಗೆ ತುಸು ಕಹಿ ಇರುತ್ತದೆ. ಪೇಟೆಯಲ್ಲಿ ಬೆಳೆದವರು ಅದನ್ನು ಕೆಟ್ಟಿದೆಯೆಂದು ಬದಿಗಿಡಬಹುದು. ಬಲ್ಲವರಿಗೆ ಆ ಕಹಿಯೇ ಹೂವಿನ ವಿಳಾಸ. ಬರೋಲೊ ಪರೀಕ್ಷಕ ಗುಲಾಬಿ, ಡಾಂಬರು ಎಂದು ಬರೆದುಕೊಳ್ಳುವುದಕ್ಕೂ ಇದಕ್ಕೂ ಏನು ಅಂತರ?

ಅಂತರ ಇಲ್ಲ, ಆದರೆ ಬೆಲೆಯಲ್ಲಿ ಅಜಗಜಾಂತರ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಕಳಿಸಿತು. ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದದ್ದು ಮೂರೇ. ಸಕ್ಕರೆ ಪಾಕದ ಬೆರಕೆ ಎಷ್ಟು ಜಾಣತನದ್ದೆಂದರೆ ಮಾಮೂಲಿ ಪರೀಕ್ಷೆಗಳನ್ನೂ ಅದು ದಾಟಿಬಿಡುತ್ತಿತ್ತು. ಸಿಕ್ಕಿಬಿದ್ದದ್ದು ಜರ್ಮನಿಯ ಪ್ರಯೋಗಾಲಯದಲ್ಲಿ. ಎಲ್ಲ ಶೀಸೆಯಲ್ಲೂ ಒಂದೇ ಸಿಹಿ ಇರಬೇಕೆಂದು ಬಯಸುವ ಗಿರಾಕಿ ಹೆಚ್ಚಾದಷ್ಟೂ ಪಾಕ ಬೆರೆಸುವವನಿಗೆ ಅನುಕೂಲ. ಕಹಿಯ ಜೇನಿಗೂ ಬೆಲೆ ಕೊಡುವ ಗಿರಾಕಿ ಇದ್ದರೆ ಮಾತ್ರ ಪ್ರಾಣ ಒತ್ತೆಯಿಟ್ಟು ಮರ ಹತ್ತಿದವನ ಮನೆಯಲ್ಲಿ ಒಲೆ ಉರಿಯುತ್ತದೆ. ರುಚಿ ತಿಳಿದ ಗಿರಾಕಿ ಇಲ್ಲದ ಕಡೆ ಒಳ್ಳೆಯ ಬೆಳೆಗಾರನೂ ಉಳಿಯುವುದಿಲ್ಲ. ಲಾಂಗೆ ಗುಡ್ಡಗಳಿಂದ ತರಬೇಕಾದದ್ದು ದ್ರಾಕ್ಷಿ ಬಳ್ಳಿಯಲ್ಲ, ಈ ಒಂದು ತಿಳಿವಳಿಕೆ.

ರುಚಿ ನೋಡುವುದು ಹೊಟ್ಟೆಪಾಡಿನ ದಾರಿಯೂ ಹೌದೆಂಬುದನ್ನು ಪಾಲಕರು ಗಮನಿಸಬೇಕು. ವಿಜ್ಞಾನ ಓದಿದ ಮಗ ಮಗಳ ಮುಂದೆ ಎಂಜಿನಿಯರಿಂಗ್, ವೈದ್ಯಕೀಯ ಎರಡೇ ಬಾಗಿಲು ಇರುವುದಲ್ಲ. ಕಾಫಿ ಮಂಡಳಿ ಕಾಫಿಯ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ಕಾಫಿಯ ಕಷಾಯವನ್ನು ಚಮಚದಲ್ಲಿ ಸುರ್ರೆಂದು ಎಳೆದು, ಹುಳಿ, ಕಹಿ, ಪರಿಮಳ ಗುರುತಿಸಿ, ಉಗಿದು, ಅಂಕ ಹಾಕುವುದು ಆ ವೃತ್ತಿಯ ದಿನನಿತ್ಯದ ಕೆಲಸ. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದ ಸುನಾಲಿನಿ ಮೆನನ್ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಫಿ ಮಂಡಳಿಯಲ್ಲಿ ದುಡಿದು, ಅನಂತರ ಬೆಂಗಳೂರಿನಲ್ಲಿ ತಮ್ಮದೇ ಪ್ರಯೋಗಾಲಯ ತೆರೆದರು. ಚಹಾ, ಸಾಂಬಾರ ಪದಾರ್ಥ, ಆಹಾರ ಸುರಕ್ಷತೆ ಎಲ್ಲ ಕಡೆಯೂ ಇಂಥ ಮೂಗು ನಾಲಿಗೆಗಳಿಗೆ ಕೆಲಸವಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಕಾಫಿ ಬೆಳೆಯುತ್ತಾರೆ. ಬೆಳೆದವರ ಮಕ್ಕಳೇ ಅದಕ್ಕೆ ಅಂಕ ಹಾಕುವವರಾದರೆ ಅದಕ್ಕಿಂತ ಬೇಕೆ?

ತರಬೇತಿ ಮನೆಯಲ್ಲೇ ಆರಂಭವಾಗಬಹುದು. ಭಾನುವಾರ ಮಧ್ಯಾಹ್ನ ಐದು ತಟ್ಟೆ ಸಾಕು: ನೆಲ್ಲಿಕಾಯಿ, ಬಾಳೆಕಾಯಿಯ ಚೂರು, ಸಕ್ಕರೆ ಹಾಕದ ಕಪ್ಪು ಚಹಾ, ಬೆಲ್ಲ, ಜೇನು. ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲಿ. ಮೊದಲು ಮೂಸಲಿ, ಆಮೇಲೆ ಬಾಯಿಗೆ ಹಾಕಲಿ. ಒಮ್ಮೆ ಮೂಗು ಹಿಡಿದುಕೊಂಡು, ಒಮ್ಮೆ ಬಿಟ್ಟು ಬೆಲ್ಲ ತಿಂದು ವ್ಯತ್ಯಾಸ ಹೇಳಲಿ. ಚಹಾಕ್ಕೆ ಚಮಚ ಹಾಲು ಬೆರೆಸಿ ಒಗರು ಎಲ್ಲಿ ಹೋಯಿತೆಂದು ಹುಡುಕಲಿ. ಕಂಡದ್ದನ್ನು ಅಜ್ಜಿಯ ಮಾತಿನಲ್ಲೇ ನೋಟುಪುಸ್ತಕದಲ್ಲಿ ಬರೆಯಲಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡು ಮಾತು ಮಾತ್ರ ಬಳಸಕೂಡದು. ಅಪ್ಪ, ಅವ್ವ ಕೂಡ ಆಟಕ್ಕೆ ಕೂರಲಿ. ಬಹಳ ಸಲ ಗೆಲ್ಲುವುದು ಅಜ್ಜಿಯೇ.

ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ ನಿಜ. ಆದರೆ ಹುಳಿ ಬಂದಾಕ್ಷಣ ಉಗಿಯದೆ, ಒಗರು ಹಿಡಿದಾಗ ಓಡದೆ, ಇದೇನೆಂದು ಒಂದು ಕ್ಷಣ ನಿಂತು ನೋಡುವ ಮಗು ಗಣಿತದ ಮುಂದೆಯೂ ಹಾಗೆಯೇ ನಿಲ್ಲುತ್ತದೆ. ಲಾಂಗೆಯ ರೈತ ಒಗರಿಗೆ ಕಾದದ್ದು 38 ತಿಂಗಳು. ರಾಮಾಪುರದ ಅವ್ವ ಮಗನಿಂದ ಕೇಳುವುದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಮಾತ್ರ.